ಹಿತ್ತಲಿನ ಹೊಂಡ: ತೋಡಿದ್ದು, ಕೆಡಿಸಿದ್ದು, ಕಲಿತದ್ದು

ಮೂರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ನಾವು ನಾಲ್ವರು ಸೇರಿ ಮೈಸೂರಿನ ಗೆಳೆಯನೊಬ್ಬನ ಮನೆ ಹಿತ್ತಲಲ್ಲಿ ಪುಟ್ಟ ಹೊಂಡ ತೋಡಿದ್ವಿ. ನಡುವೆ ನೈದಿಲೆ, ಒಳಗೆ ಹತ್ತು ಗೋಲ್ಡ್‌ಫಿಶ್, ಸುತ್ತ ಒಂದಿಷ್ಟು ಹುಲ್ಲುಹಾಸು. ಎಂಟು ನಿಮಿಷದ ಒಂದು ವಿಡಿಯೋ ನೋಡಿ 'ಇದೇನ್ ಮಹಾ' ಅಂದ್ಕೊಂಡಿದ್ವಿ. ಮೂರೇ ವಾರದಲ್ಲಿ ಮೀನೆಲ್ಲ ಸತ್ತವು, ನೀರು ಹಸಿರಾಯ್ತು, ಅದರಲ್ಲಿ ಸೊಳ್ಳೆ ಮರಿಗಳು ಕುಣಿಯೋಕೆ ಶುರು ಮಾಡಿದ್ವು. ಅದೇ ವಾರ ಪಕ್ಕದ ಮನೆ ಅಜ್ಜಿಗೆ ಡೆಂಗ್ಯೂ ಅಂತ ಗೊತ್ತಾಯ್ತು.

ನಮ್ಮ ಹೊಂಡದಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ. ಆದರೆ ಅಜ್ಜಿಯ ಮಗ ಕಾಂಪೌಂಡ್ ಆಚೆಯಿಂದ ಹೊಂಡವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಸುಮ್ಮನೆ ಒಳಗೆ ಹೋದರು. ಬೈದಿದ್ದರೂ ಅಷ್ಟು ಕಷ್ಟ ಆಗ್ತಿರಲಿಲ್ಲ. ಹೊಂಡ ಮುಚ್ಚೋದಾ, ಸರಿ ಮಾಡೋದಾ ಅಂತ ಒಂದು ರಾತ್ರಿ ಪೂರ್ತಿ ಚರ್ಚೆ ಮಾಡಿ, ಮರುದಿನ ನೀರೆಲ್ಲ ಖಾಲಿ ಮಾಡಿ ಮೊದಲಿಂದ ಶುರು ಮಾಡಿದ್ವಿ. ಆಗ ಕಲಿತದ್ದು ಇಲ್ಲಿದೆ.

ಮೊದಲು ಜಾಗ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ನೈದಿಲೆ ಹೂ ಬಿಡೋದಿಲ್ಲ. ಮರದ ಕೆಳಗೆ ತೋಡಿದರೆ ಉದುರಿದ ಎಲೆ ಕೊಳೆತು ನೀರು ಕೆಡುತ್ತೆ. 'ತಾರಸಿ ಮೇಲೆ ಮಾಡಬಹುದಲ್ವಾ' ಅಂತ ಕೇಳೋರಿಗೆ ಒಂದು ಸಣ್ಣ ಲೆಕ್ಕ. ನಮ್ಮ ಹೊಂಡ 120 ಸೆಂ.ಮೀ. ಉದ್ದ, 90 ಅಗಲ, 45 ಆಳ. ಗೋಡೆ ನೇರವಾಗಿದೆ ಅಂತಿಟ್ಟುಕೊಂಡರೆ 486 ಲೀಟರ್, ಅಂದರೆ 486 ಕೆಜಿ ನೀರು. ಒಂದು ಚದರ ಮೀಟರಿಗೆ 450 ಕೆಜಿ. ಜನ ಓಡಾಡುವ ತಾರಸಿಗೆ ಐಎಸ್ 875 ಹೇಳುವ ಲೈವ್ ಲೋಡ್ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಮೂರು ಪಟ್ಟು! ಸಿವಿಲ್ ಗೆಳೆಯರು ಇಷ್ಟು ಕೇಳಿಯೇ ಎದ್ದು ನಿಲ್ತಾರೆ. ಹೊಂಡ ನೆಲದ ಮೇಲೆಯೇ ಇರಲಿ.

ಇನ್ನು ಸಲಕರಣೆ. ಗುದ್ದಲಿ, ಹಾರೆ, ಬಾಂಡ್ಲಿ ಇದ್ದೇ ಇರುತ್ತೆ. ನಾವು ಮರೆತದ್ದು ಮಟ್ಟ ನೋಡೋ ಸಾಧನ. ಕಣ್ಣಳತೆಯಲ್ಲಿ ತೋಡಿದ್ದಕ್ಕೆ ಒಂದು ಬದಿಯಲ್ಲಿ ನೀರು ಉಕ್ಕುತ್ತಿದ್ದರೆ, ಇನ್ನೊಂದು ಬದಿಯಲ್ಲಿ ನಾಲ್ಕು ಬೆರಳು ಪ್ಲಾಸ್ಟಿಕ್ ಬಿಸಿಲಿಗೆ ಬಿದ್ದಿತ್ತು. ಎರಡನೇ ಸಲ ಗಾರೆ ಕೆಲಸದವರು ಬಳಸೋ ಪಾರದರ್ಶಕ ಪೈಪ್ ತಂದ್ವಿ. ಅದಕ್ಕೆ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಎರಡು ತುದಿಯನ್ನೂ ಅಂಚಿನ ಎರಡು ಕಡೆ ಹಿಡಿದರೆ ಎರಡರಲ್ಲೂ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಬರೆದದ್ದು ಕೈಗೆ ಬಂದದ್ದು ಅವತ್ತೇ.

ಅಂಚು ಸುತ್ತಲಿನ ಹುಲ್ಲುಹಾಸಿಗಿಂತ ಐದು ಸೆಂ.ಮೀ. ಎತ್ತರ ಇರಬೇಕು. ಇಲ್ಲದಿದ್ದರೆ ಹುಲ್ಲಿಗೆ ಹಾಕಿದ ಗೊಬ್ಬರ ಮಳೆ ನೀರಲ್ಲಿ ಕೊಚ್ಚಿ ಹೊಂಡಕ್ಕೆ ಬರುತ್ತೆ. ಆ ಸಾರಜನಕ, ರಂಜಕ ತಿಂದು ಪಾಚಿ ಬೆಳೆಯುತ್ತೆ. ನಮ್ಮ ನೀರು ಹಸಿರಾಗಿದ್ದಕ್ಕೆ ಅದೂ ಒಂದು ಕಾರಣ. ಮಳೆಗಾಲದಲ್ಲಿ ಹೆಚ್ಚಾದ ನೀರು ಹೋಗಲು ಒಂದು ಕಡೆ ಸಣ್ಣ ತೂಬು ಬಿಟ್ಟು, ಅದಕ್ಕೆ ಜಾಲರಿ ಹಾಕಿ.

ಹಾಳೆಯ ಅಳತೆ ಸುಲಭ: ಉದ್ದಕ್ಕೆ ಎರಡು ಪಟ್ಟು ಆಳ ಸೇರಿಸಿ, ಎರಡೂ ಕಡೆ 30 ಸೆಂ.ಮೀ. ಅಂಚು ಬಿಡಿ. ನಮಗೆ 120+90+60, ಅಂದರೆ 270 ಸೆಂ.ಮೀ. ಅಗಲಕ್ಕೂ ಇದೇ ಲೆಕ್ಕ: 90+90+60, ಒಟ್ಟು 240. ರೈತರು ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆಯೇ ಸಾಕು. ಕೆಳಗೆ ಕಲ್ಲು, ಬೇರು ಆರಿಸಿ ತೆಗೆದು ಎರಡಿಂಚು ಮರಳು ಹಾಸಬೇಕು. ಒಂದು ಚೂಪು ಕಲ್ಲು ಉಳಿದರೂ ಹಾಳೆ ತೂತು.

ಈಗ ಅಸಲಿ ವಿಷಯಕ್ಕೆ ಬರೋಣ: ಮೀನು ಯಾಕೆ ಸತ್ತವು? ನಾವು ನಲ್ಲಿ ನೀರು ತುಂಬಿ ಮರುದಿನವೇ ಹತ್ತು ಮೀನು ಬಿಟ್ಟಿದ್ವಿ. ಮೊದಲ ತಪ್ಪು ಕ್ಲೋರಿನ್. ನೀರನ್ನು ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ ಅದು ಹಾರಿ ಹೋಗುತ್ತೆ. ದೊಡ್ಡ ತಪ್ಪು ಅಮೋನಿಯ. ಮೀನು ಕಿವಿರಿನ ಮೂಲಕ ಅಮೋನಿಯ ಹೊರಹಾಕುತ್ತೆ, ಅದೇ ಅದಕ್ಕೆ ವಿಷ. ಹಳೇ ಹೊಂಡದಲ್ಲಿ ಕಲ್ಲು, ಬೇರು, ಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಮಾಡ್ತವೆ, ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಮಾಡ್ತವೆ, ನೈಟ್ರೇಟನ್ನು ಗಿಡ ಹೀರಿಕೊಳ್ಳುತ್ತೆ. ಹೊಸ ಹೊಂಡದಲ್ಲಿ ಈ ಸರಪಳಿಯೇ ಇರೋದಿಲ್ಲ. ಅದು ಬೆಳೆಯೋಕೆ ಸುಮಾರು ಒಂದು ತಿಂಗಳು ಬೇಕು.

ಇಲ್ಲೇ ಇರೋದು ಇಕ್ಕಟ್ಟು. ಬ್ಯಾಕ್ಟೀರಿಯಾಗೆ ತಿಂಗಳು ಬೇಕು, ಸೊಳ್ಳೆಗೆ ವಾರ ಸಾಕು. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಮೀನು ಬಿಟ್ಟರೆ ಮೀನು ಸಾಯುತ್ತೆ, ಬಿಡದಿದ್ದರೆ ಸೊಳ್ಳೆ ಹುಟ್ಟುತ್ತೆ. ನಾವು ಹೀಗೆ ಮಾಡಿದ್ವಿ: ಗೆಳೆಯರೊಬ್ಬರ ಹಳೇ ಅಕ್ವೇರಿಯಮ್ಮಿಂದ ಎರಡು ಹಿಡಿ ಜಲ್ಲಿ ತಂದು ಹಾಕಿದ್ವಿ, ಅದರ ಜೊತೆ ಬ್ಯಾಕ್ಟೀರಿಯಾ ಬಂತು. 486 ಲೀಟರಿಗೆ ಐದೇ ಐದು ಗಪ್ಪಿ ಮೀನು ಬಿಟ್ವಿ. ಅಷ್ಟು ಸಣ್ಣ ಮೀನುಗಳ ಅಮೋನಿಯ ಅಷ್ಟು ನೀರಿನಲ್ಲಿ ತೆಳುವಾಗುತ್ತೆ, ಸೊಳ್ಳೆ ಮರಿ ತಿನ್ನೋಕೆ ಅವು ಸಾಲುತ್ತವೆ. ಒಂದು ತಿಂಗಳು ಮೇಲೆ ಸೊಳ್ಳೆ ಪರದೆ ಬಿಗಿದು ಕಟ್ಟಿದ್ವಿ. ಮೀನಿಗೆ ಊಟ ಅತಿ ಕಡಿಮೆ. ಮಿಕ್ಕಿದ ಊಟವೂ ಕೊಳೆತು ಅಮೋನಿಯವೇ ಆಗೋದು.

18 ವ್ಯಾಟಿನ ಪಂಪ್ ಇಟ್ಟರೆ ನೀರು ಅಲುಗಾಡಿ ಆಮ್ಲಜನಕ ಬೆರೆಯುತ್ತೆ. ಹಗಲು ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 13 ಯೂನಿಟ್. ಆದರೆ ಮೂಲೆಗಳಲ್ಲಿ ನೀರು ನಿಂತೇ ಇರುತ್ತೆ, ಹಾಗಾಗಿ ಪಂಪ್ ಇದೆ ಅಂತ ಮೀನು ಬಿಡದೆ ಇರಬೇಡಿ. ನೀರಿನ ಹತ್ತಿರ ಕರೆಂಟು: 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಪ್ಲಗ್ ಹಾಕಲೇಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಬೇಕೇ ಬೇಕು. ಮಗುವಿಗೆ ಒಂದಡಿ ನೀರೂ ಆಳವೇ.

ಎರಡು ತಿಂಗಳ ನಂತರ ಬ್ಯಾಟರಿ ಹಿಡಿದು ಹಿತ್ತಲೆಲ್ಲ ಹುಡುಕಿದ್ವಿ. ಹೊಂಡದಲ್ಲಿ ಒಂದೂ ಸೊಳ್ಳೆ ಮರಿ ಸಿಗಲಿಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ? ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿ, ಮಡಚಿಟ್ಟ ಟಾರ್ಪಾಲಿನ ಮಡಿಕೆಯಲ್ಲಿ, ನಾವೇ ಮರೆತು ಬಿಟ್ಟ ಬಾಂಡ್ಲಿಯಲ್ಲಿ. ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆಗೆ ಇಂಥ ಸಣ್ಣ ಪಾತ್ರೆಗಳ ತಿಳಿನೀರೇ ಇಷ್ಟ. ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆ ಉಜ್ಜಿ ತೊಳೀಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಇಟ್ಟಿದ್ದು ಈ ಕಾರಣಕ್ಕೇ.

ಒಟ್ಟಿನಲ್ಲಿ ನಮಗೆ ತಿಳಿದದ್ದು ಇಷ್ಟು. ಮೀನು, ಗಿಡ, ಬ್ಯಾಕ್ಟೀರಿಯಾ ಇರೋ ನೀರು ತನ್ನನ್ನು ತಾನೇ ನೋಡಿಕೊಳ್ಳುತ್ತೆ. ಏನೂ ಇಲ್ಲದೆ ನಿಂತ ನೀರನ್ನು ನಾವೇ ನೋಡಿಕೊಳ್ಳಬೇಕು, ಅದು ಹೊಂಡವಾಗಲಿ, ತಟ್ಟೆಯಾಗಲಿ. ಇನ್ನೊಂದು ಮಾತು: ಮೀನು, ಜಲಸಸ್ಯ ಹೆಚ್ಚಾದವು ಅಂತ ಕೆರೆಗೆ, ಚರಂಡಿಗೆ ಬಿಡಬೇಡಿ. ಗಪ್ಪಿ ನಮ್ಮ ಊರಿನ ಮೀನಲ್ಲ, ಕೆರೆಯಲ್ಲಿ ಇಲ್ಲಿನ ಸಣ್ಣ ಮೀನುಗಳ ಜಾಗ ಕಸಿಯುತ್ತೆ. ಹೆಚ್ಚಾದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ, ಮೀನನ್ನು ಗೆಳೆಯರಿಗೆ ಕೊಡಿ.

ಅಜ್ಜಿ ಹುಷಾರಾದರು. ಹೋದ ತಿಂಗಳು ಕಾಂಪೌಂಡ್ ಹತ್ತಿರ ಕುರ್ಚಿ ಹಾಕಿಸಿಕೊಂಡು ನೈದಿಲೆ ನೋಡ್ತಾ ಕೂತಿದ್ದರು. ಅವರ ಮಗ ಬಂದು, 'ನಮ್ಮ ಕುಂಡದ ತಟ್ಟೆಗಳನ್ನೂ ಒಂದ್ಸಲ ನೋಡ್ತೀರಾ' ಅಂದರು. ನಾಲ್ವರೂ ಬ್ರಷ್ ಹಿಡ್ಕೊಂಡು ಹೋದ್ವಿ.