ಸೋರೆಕಾಯಿ ಕಹಿಯೇ? ನಾಲಿಗೆ ಮಾತು ಕೇಳಿ

ಹೋದ ಬೇಸಿಗೆಯಲ್ಲಿ ಚಳ್ಳಕೆರೆಯ ನಮ್ಮ ತೋಟದಲ್ಲಿ ಬೋರ್‌ವೆಲ್ ಕೈಕೊಟ್ಟು ಸೋರೆ ಬಳ್ಳಿ ಒಣಗಿತು. ಆಮೇಲೆ ಕೊಯ್ದ ಕಾಯಿ ಕಹಿ.

"ಬೇಯಿಸಿದ್ರೆ ಹೋಗುತ್ತೆ ಬಿಡಪ್ಪ" ಅಂದ್ಲು ಅವ್ವ. ಹೋಗಲ್ಲ! ಅದು ಕುಕುರ್ಬಿಟಾಸಿನ್ ಎಂಬ ವಿಷ, ಬೇಯಿಸಿದರೂ ಉಳಿಯುತ್ತದೆ. ನೀರಿನ ಕೊರತೆ, ಬಿಸಿಲು ಹೆಚ್ಚಾದರೆ ಕಾಯಲ್ಲಿ ಇದು ಹೆಚ್ಚಬಹುದು.

ನಾಲಿಗೆಯ ರುಚಿ ಕೋಶಗಳಲ್ಲಿ ಕಹಿ ಹಿಡಿಯಲೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ. ಕಹಿ ವಸ್ತು ಅಂಟಿದ ಕೂಡಲೇ ಕೋಶ ನರಕ್ಕೆ ಸುದ್ದಿ ಕೊಡುತ್ತದೆ, ಮಿದುಳು 'ಉಗುಳು' ಅನ್ನುತ್ತದೆ. ಹಾಗಲಕ್ಕೆ ಕಹಿ ಸಹಜ, ಸೋರೆಗಲ್ಲ.

ಮೊಳಕಾಲ್ಮೂರು ಸಂತೆಗೆ ಹಾಕೋ ಮುಂಚೆ ಪ್ರತಿ ಬಳ್ಳಿಯ ಒಂದು ಕಾಯಿ ಕೊಯ್ದು, ಚೂರು ನಾಲಿಗೆಗೆ ತಾಗಿಸಿ ಉಗುಳಿ. ಕಹಿ ಇದ್ರೆ ಆ ಬಳ್ಳಿಯ ಕಾಯಿ ಮಾರಬೇಡಿ, ಜ್ಯೂಸ್ ಮಾಡಬೇಡಿ, ಬೀಜಕ್ಕೂ ಇಡಬೇಡಿ. ತಿಂದವರಿಗೆ ವಾಂತಿ ಶುರುವಾದ್ರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.