ಕನ್ನಡದೊಳಗೆ ಕೂತ ಪೌಂಡ್ ಚಿಹ್ನೆ

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: ‘ಸಾರ್, ತೋಟದ ಆಫೀಸಿನ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹತ್ತೋದಿಲ್ಲ ಅಂದ್ರು. ಹಾಸನದಲ್ಲಿ ಓದೋ ಮಗ ಲಿನಕ್ಸ್ ಹಾಕಿಕೊಟ್ಟ. ಓಡೋದೇನೋ ಮೊದಲಿಗಿಂತ ಚೆನ್ನಾಗೇ ಓಡ್ತಿದೆ. ಆದ್ರೆ ನಮ್ಮ ರೈಟರು ಇಷ್ಟು ವರ್ಷ ನುಡಿಯಲ್ಲಿ ಟೈಪ್ ಮಾಡಿಟ್ಟ ಚೆಕ್‌ರೋಲು ತೆಗೆದರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ವೈರಸ್ ಬಡಿದಿದೆ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಿಸಿ ಅಂತ ಅಂಗಡಿಯವರು ಹೇಳ್ತಾರೆ. ಬಿಟ್ಟಿ ಸಾಫ್ಟ್‌ವೇರಿನ ಹಣೆಬರಹವೇ ಇಷ್ಟೇನಾ?’

ಮೊದಲು ಅಂಗಡಿಯವರಿಗೆ ಬೇಡ ಎಂದು ಹೇಳಿ. ಆಮೇಲೆ ಆಳುಗಳ ಹಾಜರಿ-ಕೂಲಿಯ ಆ ಫೈಲನ್ನೇ ಮತ್ತೊಮ್ಮೆ ತೆರೆದು, ಹೆಸರುಗಳನ್ನು ಬಿಟ್ಟು ಅಂಕಿಗಳ ಕಡೆ ನೋಡಿ. ಕೂಲಿ, ಹಾಜರಿ, ಅಡ್ವಾನ್ಸು, ಬಾಕಿ ಎಲ್ಲವೂ ಸರಿಯಾಗೇ ಇರುತ್ತವೆ. ಹೆಸರನ್ನೆಲ್ಲ ತಿಂದು ಲೆಕ್ಕವನ್ನು ಮಾತ್ರ ಅಚ್ಚುಕಟ್ಟಾಗಿ ಉಳಿಸಿಹೋಗುವ ಪ್ರಾಮಾಣಿಕ ವೈರಸ್ಸನ್ನು ಯಾರೂ ಇನ್ನೂ ಬರೆದಿಲ್ಲ. ಫೈಲಿಗೆ ಏನೂ ಆಗಿಲ್ಲ. ಅದು ಹುಟ್ಟಿದ ದಿನದಿಂದಲೂ ಒಳಗೆ ಹೀಗೇ ಇತ್ತು. ಇಂಗ್ಲಿಷ್ ಅಕ್ಷರಗಳು ಕನ್ನಡದ ವೇಷ ಕಟ್ಟಿ ಕುಣಿಯುತ್ತಿದ್ದವು, ಲಿನಕ್ಸಿನಲ್ಲಿ ಆ ಬಣ್ಣ ಸಿಗದೆ ಬರಿ ಮುಖದಲ್ಲಿ ರಂಗಕ್ಕೆ ಬಂದಿವೆ.

ಈ ವೇಷಗಾರಿಕೆ ನನಗೆ ಎಷ್ಟು ನೋಡಿದರೂ ಸಾಲದು. ಹಳೆಯ ನುಡಿ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಉಳಿಸಿದರೆ ಹಾರ್ಡ್‌ಡಿಸ್ಕಿನಲ್ಲಿ ಸಾಲಾಗಿ ಕೂರುವುದು ಇವು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೆರೆ ಎಳೆದ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೆರೆಯ ಎ, ಜರ್ಮನರು ಎರಡು ಎಸ್ಸಿಗೆ ಬದಲು ಬರೆಯುವ ಬೀಟಾದಂಥ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೆರೆಯ ಎ. ಒಟ್ಟು ಏಳು. ಪಿ ಎಂದರೆ ತಲೆಕಟ್ಟಿಲ್ಲದ ‘ಕ’. ಗೆರೆಯ ಎ ಎಂದರೆ ತಲೆಕಟ್ಟು. ಪೌಂಡು ನಮ್ಮ ‘ನ’ಕಾರದ ಮೈ. ಜರ್ಮನ್ ಅಕ್ಷರ ಅದರ ಕೆಳಗಿನ ಒತ್ತು. ‘ಕರ್ನಾಟಕ’ ಇನ್ನೂ ಸ್ವಾರಸ್ಯದ್ದು. ಅದರ ಅರ್ಕಾವೊತ್ತು ಕೂತಿರುವುದು ಐಸ್‌ಲ್ಯಾಂಡಿನವರ ‘ಎಥ್’ ಎಂಬ ಅಕ್ಷರದ ಜಾಗದಲ್ಲಿ. ಅದೂ ‘ನಾ’ ಮುಗಿದ ಮೇಲೆ, ಕಾಗದದ ಮೇಲೆ ಕಣ್ಣಿಗೆ ಕಾಣುವ ಕ್ರಮದಲ್ಲಿ, ಬಾಯಲ್ಲಿ ಬರುವ ಕ್ರಮದಲ್ಲಲ್ಲ.

ಯಾಕೆ ಹೀಗೆ ಮಾಡಿದರು? ಆಗ ಬೇರೆ ದಾರಿ ಇರಲಿಲ್ಲ. ಒಂದು ಫಾಂಟಿನಲ್ಲಿ ಸಿಗುತ್ತಿದ್ದದ್ದು 256 ಮನೆ. ಅದರಲ್ಲೂ ಎಲ್ಲವೂ ಖಾಲಿ ಇಲ್ಲ. ನಮ್ಮ 34 ವ್ಯಂಜನಗಳ ಕಾಗುಣಿತ ಒಂದೇ ನಾನೂರು ದಾಟುತ್ತದೆ, ಒತ್ತಕ್ಷರ ಸೇರಿಸಿದರೆ ಸಾವಿರಗಟ್ಟಲೆ. ಅದಕ್ಕೆ ಅಕ್ಷರಗಳನ್ನು ಮೈ, ತಲೆಕಟ್ಟು, ಕೊಂಬು, ಒತ್ತು ಎಂದು ತುಂಡು ಮಾಡಿ ಒಂದೊಂದು ಮನೆಗೆ ಒಂದೊಂದು ತುಂಡು ಹಾಕಿದರು. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಸೇಡಿಯಾಪು, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎಲ್ಲವೂ ಈ ಇಕ್ಕಟ್ಟಿನಲ್ಲೇ ಕನ್ನಡವನ್ನು ಕಂಪ್ಯೂಟರಿಗೆ ಹತ್ತಿಸಿದವು. ಇವನ್ನು ಇವತ್ತು ಹಳಿಯುವವರು ಆಗಿನ ವಿಂಡೋಸ್ 98ರ ಮುಂದೆ ಕೂತು ಒಂದು ಅರ್ಜಿ ಬರೆದು ತೋರಿಸಲಿ.

ತುಂಡು ಮಾಡಿದ್ದರ ಫಲ ಮಾತ್ರ ವಿಚಿತ್ರ. ‘ಮ’ಕ್ಕೆ ಬೇರೆ ಮನೆ ದಂಡ ಎಂದು ‘ವ’ಕ್ಕೇ ಒಂದು ಬಾಲ ಅಂಟಿಸಿದರು. ಹಾಗಾಗಿ ಹಳೆಯ ಫೈಲಿನಲ್ಲಿ ‘ವ’ ಹುಡುಕಿದರೆ ಮಂಜ, ಮಲ್ಲಮ್ಮ, ಮರಿಯಪ್ಪ ಎಲ್ಲರೂ ಕೈ ಎತ್ತುತ್ತಾರೆ. ‘ಯ’ ಇನ್ನೂ ವಿಚಿತ್ರ. ಅದು ನಾಲ್ಕು ತುಂಡಿನದು, ಮೊದಲ ತುಂಡು ಅನುಸ್ವಾರದ ಸೊನ್ನೆ. ಆ ಸೊನ್ನೆಯ ಮನೆಯಲ್ಲಿರುವುದು ಇಂಗ್ಲಿಷಿನ ದೊಡ್ಡ ಎ. ನಮ್ಮ ‘ಅ’ ಕೂತಿರುವುದೋ ಸಿ ಜಾಗದಲ್ಲಿ. ಆಳುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಕಂಪ್ಯೂಟರು ಯಶೋದೆಯನ್ನು ಅನಂತನಿಗಿಂತ ಮುಂದೆ ನಿಲ್ಲಿಸುತ್ತದೆ. ಅದರ ಕಣ್ಣಿಗೆ ಅದು ಸರಿಯೇ, ಎ ಆದ ಮೇಲೆ ತಾನೆ ಸಿ. ‘ಕನ್ನಡ ಹಾಕಿದರೆ ಕಂಪ್ಯೂಟರಿಗೆ ತಲೆ ಕೆಡುತ್ತೆ’ ಎಂದು ಕಚೇರಿಗಳಲ್ಲಿ ಹಬ್ಬಿದ ನಂಬಿಕೆಯ ಬೇರು ಇಲ್ಲಿದೆ. ಕಂಪ್ಯೂಟರಿಗೆ ನಾವು ಕನ್ನಡವನ್ನು ಕೊಟ್ಟೇ ಇರಲಿಲ್ಲ.

ಈ ಇಕ್ಕಟ್ಟನ್ನು ಬಿಡಿಸುವ ಯೂನಿಕೋಡ್ ಬಂದಿದ್ದು 1991ರಲ್ಲೇ, ನಮ್ಮ ಕಂಪ್ಯೂಟರುಗಳ ಮಟ್ಟಿಗೆ ಅದು ಕೈಗೆ ಸಿಕ್ಕಿದ್ದು ಮಾತ್ರ ತಡವಾಗಿ. ಕನ್ನಡಕ್ಕೆಂದೇ 128 ಮನೆಗಳ ಸ್ವಂತ ಕೇರಿ ಅದರಲ್ಲಿದೆ. ಈ ವ್ಯವಸ್ಥೆಯಲ್ಲಿ ‘ಕನ್ನಡ’ ಎಂದರೆ ಕ, ನ, ವಿರಾಮ, ನ, ಡ. ಐದೇ. ಬಾಯಲ್ಲಿ ಬರುವ ಕ್ರಮದಲ್ಲೇ ಉಳಿಯುತ್ತದೆ. ಒತ್ತು ಎಲ್ಲಿ ಇಳಿಯಬೇಕು, ಅರ್ಕಾವೊತ್ತು ಎಲ್ಲಿಗೆ ಜರುಗಬೇಕು ಎಂಬ ಚಿತ್ರಕಲೆಯ ಕೆಲಸವನ್ನು ಬೇರೊಂದು ತಂತ್ರಾಂಶ ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ. ಆ ಕೆಲಸ ಮಾಡುವ ಹಾರ್ಫ್‌ಬಜ಼್ ಎಂಬುದು ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ನಂಬಿವೆ. ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್ ಕೂಡ 2017ರ 5.3 ಆವೃತ್ತಿಯಿಂದ ಎಲ್ಲ ಕಡೆ ಅದನ್ನೇ ಬಳಸುತ್ತಿದೆ. ಬಿಟ್ಟಿ ಸಾಫ್ಟ್‌ವೇರು ಕಳಪೆ ಎಂದು ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದಲ್ಲೇ ಮೆಸೇಜು ಹಾಕುವವರಿದ್ದಾರೆ. ಅವರ ಆ ಮೆಸೇಜಿಗೆ ಒತ್ತು ಹಾಕಿಕೊಟ್ಟದ್ದು ಬಿಟ್ಟಿ ಸಾಫ್ಟ್‌ವೇರು, ಆ ಫೋನಿನ ತಳದಲ್ಲಿ ಓಡುತ್ತಿರುವುದು ಲಿನಕ್ಸು.

ಈಗ ಚೆಕ್‌ರೋಲಿನ ಚಿಕಿತ್ಸೆ. ತುರ್ತಾಗಿ ಓದಬೇಕಿದ್ದರೆ ನುಡಿ ಇರುವ ಬೇರೊಂದು ಕಂಪ್ಯೂಟರಿನಿಂದ ಅದರ ಫಾಂಟ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಲಿನಕ್ಸಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಸಾಕು, ವೇಷ ಮರಳುತ್ತದೆ. ಆದರೆ ಅದು ಓದಲಿಕ್ಕೆ ಮಾತ್ರ. ಶಾಶ್ವತ ಪರಿಹಾರ ಎಂದರೆ ಯೂನಿಕೋಡಿಗೆ ಪರಿವರ್ತನೆ. ಅದಕ್ಕೆ ಅರವಿಂದ ವಿ.ಕೆ. ಅವರು ಬರೆದ ಮುಕ್ತ ಪರಿವರ್ತಕವಿದೆ. ಎಥ್ ಎಲ್ಲಿ ಕಂಡರೂ ಹಿಂದಿನ ಅಕ್ಷರದಾಚೆಗೆ ಹಾರಿಸಿ ‘ರ’ ಮಾಡುವ ಚಾಕಚಕ್ಯವೂ ಅದಕ್ಕೆ ಗೊತ್ತು. ಒಂದು ಎಚ್ಚರಿಕೆ: ಚೆಕ್‌ರೋಲಿನ ನಡುವೆ ಇಂಗ್ಲಿಷಿನಲ್ಲೇ ಬರೆದ ಮಾತುಗಳಿದ್ದರೆ ಪರಿವರ್ತಕ ಅವನ್ನೂ ವೇಷವೆಂದೇ ತಿಳಿಯುತ್ತದೆ. ಕಾಫಿ ತೂಕದ ಮುಂದೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೆ, ಜಿ ಎಂದಿದ್ದರೆ ಪರಿವರ್ತನೆಯಾದ ಮೇಲೆ ‘ಏಉ’ ಎಂದು ಕಾಣುತ್ತದೆ. ಹೆದರಬೇಡಿ, ಹುಡುಕಿ ಬದಲಿಸುವ ಸೌಲಭ್ಯದಿಂದ ಒಂದೇ ಏಟಿಗೆ ತಿದ್ದಬಹುದು.

ರೈಟರಿಗೂ ತೊಂದರೆಯಿಲ್ಲ. ಲಿನಕ್ಸಿನ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಎಂಬ ಆಯ್ಕೆ ಇದೆ. ಅದು ನುಡಿಯ ಕೀಲಿಮಣೆಯೇ, ಬೆರಳು ಮರುಪಾಠ ಕಲಿಯಬೇಕಿಲ್ಲ. ಬರೆಯುವಾಗ ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಎಂದು ಆಮೇಲೆ ದೂರು ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಲಿಬ್ರೆಆಫೀಸು ಇಂಗ್ಲಿಷಿಗೆ ಒಂದು ಫಾಂಟು, ಕನ್ನಡದಂಥ ಒತ್ತಕ್ಷರದ ಲಿಪಿಗಳಿಗೆ ಇನ್ನೊಂದು ಫಾಂಟು ಎಂದು ಲೆಕ್ಕ ಇಡುತ್ತದೆ. ಭಾಷೆಯ ಸೆಟ್ಟಿಂಗಿಗೆ ಹೋಗಿ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂಬಲ್ಲಿ ಕನ್ನಡ ಆರಿಸಿದರೆ ಆ ಜಗಳ ಮುಗಿಯಿತು.

ಇನ್ನು ಅಂಗಡಿಯವರ ವೈರಸ್ಸಿನಂಥ ಮೂಢನಂಬಿಕೆಗಳು. ಆಯುಧಪೂಜೆಯ ದಿನ ಸಿಪಿಯುಗೆ ಕುಂಕುಮವಿಟ್ಟು ಹೂ ಮುಡಿಸುವುದಕ್ಕೆ ನನ್ನ ತಕರಾರಿಲ್ಲ, ಗಾಳಿಯಾಡುವ ತೂತಿಗೆ ಅರಿಶಿನ ಸುರಿಯದಿದ್ದರೆ ಸರಿ. ವಿದ್ಯಾವಂತರ ಮೂಢನಂಬಿಕೆಯೇ ನನಗೆ ಸಹಿಸಲಾಗದ್ದು. ಕಂಪ್ಯೂಟರು ನಿಧಾನವಾದರೆ ಖಾಲಿ ಪರದೆಯ ಮೇಲೆ ಬಲ ಕ್ಲಿಕ್ಕು ಮಾಡಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್ ಎಂದು ಜಪ ಮಾಡುವವರನ್ನು ಬ್ಯಾಂಕಿನಿಂದ ಕಾಲೇಜಿನವರೆಗೆ ಎಲ್ಲೆಡೆ ಕಾಣಬಹುದು. ಅದು ಪರದೆಯ ಮೇಲಿನ ಐಕಾನುಗಳನ್ನು ಮತ್ತೊಮ್ಮೆ ಬಿಡಿಸುತ್ತದೆ, ಅಷ್ಟೇ. ಮೆಮೊರಿಯಲ್ಲಿ ಒಂದಿಂಚೂ ಖಾಲಿಯಾಗುವುದಿಲ್ಲ. ಹೋಮ ಮಾಡಿದರೆ ಕೊನೆಗೆ ಪ್ರಸಾದವಾದರೂ ಸಿಗುತ್ತದೆ.

ನಮ್ಮ ಮಲೆನಾಡಿನ ಹೆತ್ತೂರು, ಯಸಳೂರು, ಹಾನುಬಾಳು ಕಡೆ ಕಂಪ್ಯೂಟರಿನ ನಿಜವಾದ ಶತ್ರುಗಳು ಬೇರೆ. ಏಪ್ರಿಲ್-ಮೇ ತಿಂಗಳ ಸಿಡಿಲು, ಬಂದು ಹೋಗುವ ವೋಲ್ಟೇಜು, ಜೂನಿನಿಂದ ಸೆಪ್ಟೆಂಬರಿನವರೆಗಿನ ಥಂಡಿ, ಕೀಬೋರ್ಡಿನೊಳಗೆ ಸಂಸಾರ ಹೂಡುವ ಇರುವೆ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು, ಇದನ್ನೇ ಎಲ್ಲರೂ ಮರೆಯುವುದು. ಸಿಡಿಲಿನ ಕರೆಂಟು ಆ ದಾರಿಯಲ್ಲೂ ಬರುತ್ತದೆ.

ಕೆಟ್ಟಿರುವುದು ಯಂತ್ರವೋ ತಂತ್ರಾಂಶವೋ ಎಂದು ತಿಳಿಯಲು ಲಿನಕ್ಸು ಒಂದು ಸೊಗಸಾದ ಉಪಾಯ ಕೊಟ್ಟಿದೆ. ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಬಗೆಯನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಕಂಪ್ಯೂಟರನ್ನು ಶುರುಮಾಡಬಹುದು, ಹಾರ್ಡ್‌ಡಿಸ್ಕನ್ನು ಮುಟ್ಟುವುದೇ ಬೇಡ. ಆಗಲೂ ಪರದೆ ಮಿಟುಕಿದರೆ, ಮಿಷನ್ನು ತಾನಾಗಿ ಆಫ್ ಆದರೆ ದೋಷ ಯಂತ್ರದ್ದು. ಸಲೀಸಾಗಿ ಓಡಿದರೆ ಹಾರ್ಡ್‌ಡಿಸ್ಕನ್ನೋ ಅದರೊಳಗಿನ ತಂತ್ರಾಂಶವನ್ನೋ ಅನುಮಾನಿಸಿ. ಲಿಬ್ರೆಆಫೀಸು ಪದೇ ಪದೇ ಮುಚ್ಚಿಕೊಂಡರೆ ಅದನ್ನು ಕಿತ್ತು ಮತ್ತೆ ಹಾಕುವುದು ದಂಡದ ಕೆಲಸ. ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ, ಅಲ್ಲಿ ಬಳಕೆದಾರರ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿದರೆ ಬಹುಪಾಲು ರೋಗ ಅಲ್ಲೇ ವಾಸಿ.

ಹಾಗಾದರೆ ಯಾವ ತಂತ್ರಾಂಶವನ್ನು ಆರಿಸಬೇಕು? ಅದರ ಅಂದ ಚಂದ ಆಮೇಲೆ ನೋಡೋಣ, ಅದು ಉಳಿಸುವ ಫೈಲನ್ನು ಇನ್ನೊಂದು ತಂತ್ರಾಂಶ ತೆರೆಯಬಲ್ಲದೇ ಎಂದು ಮೊದಲು ಕೇಳಿ. ಲಿಬ್ರೆಆಫೀಸು ಬಳಸುವ ಓಡಿಎಫ್ ಎಂಬ ಫೈಲಿನ ಮಾದರಿ 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಮಾನಕ. ಅನುಮಾನವಿದ್ದರೆ ಒಂದು ಓಡಿಟಿ ಫೈಲಿನ ನಕಲು ಮಾಡಿ, ಹೆಸರಿನ ಬಾಲವನ್ನು ಜ಼ಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. ಒಳಗೆ ‘ಕಂಟೆಂಟ್’ ಎಂಬ ಹೆಸರಿನ ಎಕ್ಸ್‌ಎಂಎಲ್ ಫೈಲಿದೆ. ಅದನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೂ ನೀವು ಬರೆದ ಕನ್ನಡ ಕನ್ನಡವಾಗೇ ಕಾಣುತ್ತದೆ. ಲಿಬ್ರೆಆಫೀಸು ನಾಳೆ ಇಲ್ಲವಾದರೂ ನಿಮ್ಮ ಚೆಕ್‌ರೋಲು ಓದಲು ಬರುತ್ತದೆ. ಲಿಬ್ರೆಆಫೀಸು ಹುಟ್ಟಿದ್ದೇ ಇಂಥ ಭಯದಿಂದ. ಓಪನ್‌ಆಫೀಸು ಹೊಸ ಮಾಲೀಕರ ಕೈಗೆ ಹೋದಾಗ ಅದನ್ನು ಬೆಳೆಸುತ್ತಿದ್ದವರಲ್ಲಿ ಅನೇಕರು 2010ರ ಸೆಪ್ಟೆಂಬರಿನಲ್ಲಿ ಮೂಲ ಸಂಕೇತವನ್ನು ಎತ್ತಿಕೊಂಡು ಬೇರೆ ಮನೆ ಮಾಡಿದರು. ಮುಕ್ತ ತಂತ್ರಾಂಶದಲ್ಲಿ ಅದು ಕಳ್ಳತನವಲ್ಲ, ಹಕ್ಕು.

ಎಲ್ಲರೂ ಲಿನಕ್ಸಿಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಟ್ಯಾಲಿ ನಂಬಿಕೊಂಡ ವ್ಯಾಪಾರಿಗಳು ವಿಂಡೋಸಿನಲ್ಲೇ ಇರಿ, ಟ್ಯಾಲಿ ಇರುವುದೇ ಅದಕ್ಕೆ. ಎಕ್ಸೆಲ್ಲಿನಲ್ಲಿ ಮ್ಯಾಕ್ರೋ ಬರೆದುಕೊಂಡವರಿಗೂ ಕಿರಿಕಿರಿ ತಪ್ಪದು. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸನ್ನು ಕಂಡರೆ ಮುಖ ತಿರುಗಿಸುತ್ತವೆ, ಕೊಳ್ಳುವ ಮುಂಚೆ ವಿಚಾರಿಸಿ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೇ ಬೇಕು. ಅದಿಲ್ಲ ಎಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಕಂಪ್ಯೂಟರನ್ನು ಗುಜರಿಗೆ ಹಾಕುವುದು ಮೂರ್ಖತನ. ಪತ್ರ, ಲೆಕ್ಕ, ಇಂಟರ್ನೆಟ್ಟು, ಸಿನಿಮಾ ಇಷ್ಟಕ್ಕೆ ಮಿಂಟಿನ ಹಗುರ ಆವೃತ್ತಿ ಧಾರಾಳ ಸಾಕು. ಗಡಿಯಾಚೆ ನೋಡಿ: ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನ ಮೇಲೆಯೇ.

ಪಕ್ಕದ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಪಟ್ಟು ಹಿಡಿದು ಮಾತಾಡುತ್ತಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಅಲ್ಲಿಂದೀಚೆಗೆ ತಾಂತ್ರಿಕ ತೊಡಕುಗಳು ಒಂದೊಂದಾಗಿ ಬಿಡಿಸಿಕೊಂಡಿವೆ, ಉಳಿದಿರುವುದು ನಮ್ಮ ಸೋಮಾರಿತನ. ಸಕಲೇಶಪುರ, ಆಲೂರಿನ ಬೆಳೆಗಾರರ ಸಂಘಗಳು, ದೇವಸ್ಥಾನ ಸಮಿತಿಗಳು, ಹಾಲಿನ ಸೊಸೈಟಿಗಳು, ಪಂಚಾಯಿತಿಗಳು ಇಪ್ಪತ್ತು ವರ್ಷಗಳಿಂದ ಬರೆದಿಟ್ಟ ನಡವಳಿಗಳು ಇನ್ನೂ ಪೌಂಡು, ಎಥ್‌ಗಳ ಭಾಷೆಯಲ್ಲೇ ಕೂತಿವೆ. ಆ ಫಾಂಟುಗಳಿರುವ ಹಳೆಯ ಕಂಪ್ಯೂಟರು ಮುಂದಿನ ಸಿಡಿಲಿಗೆ ಹೋದರೆ ಓದುವವರಿರುವುದಿಲ್ಲ. ಈ ಮಳೆಗಾಲದೊಳಗೆ ಪರಿವರ್ತನೆ ಮುಗಿಸಿ, ಎರಡು ಕಡೆ ಪ್ರತಿ ಇಡಿ, ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ.