ಮೊನೆಯೇ ಟೋಪಿಯಾದ ಕಥೆ

ಎಂಥ ಪಯಣವಪ್ಪಾ ಈ ಟೋಪಿಯದು! ನೆಪೋಲಿಯನ್ನನ ಯುದ್ಧಚಿತ್ರಗಳಲ್ಲಿ ಸಿಪಾಯಿಗಳ ತಲೆಯ ಮೇಲೆ ಕೊಳಗ ಬೋರಲು ಹಾಕಿದಂತೆ ಕೂತಿರುತ್ತದಲ್ಲ, ಮುಂದೆ ಹಿತ್ತಾಳೆ ಬಿಲ್ಲೆ, ನೆತ್ತಿಯಲ್ಲಿ ಬಣ್ಣದ ಕುಚ್ಚು ಇರುವ ಆ ಎತ್ತರದ ಕರಿ ಟೋಪಿ, ಅದೇ ಶಾಕೊ. ಹೆಸರು ಕೇಳಿದರೆ ಫ್ರೆಂಚರದೇ ಇರಬೇಕು ಅನ್ನಿಸುತ್ತದೆ. ಬೆನ್ನು ಹತ್ತಿ ಹೋಗಿ ನೋಡಿ, ಪ್ಯಾರಿಸ್ಸನ್ನು ದಾಟಿ ಹಂಗೆರಿಯ ಬಯಲಿಗೇ ಕರೆದೊಯ್ಯುತ್ತದೆ!

ಅಲ್ಲಿನ ಹುಸ್ಸಾರ್ ಕುದುರೆ ಸವಾರರು ತೊಡುತ್ತಿದ್ದುದು ‘ಚಾಕೋಶ್ ಶುವೆಗ್’. ಶುವೆಗ್ ಅಂದರೆ ಟೋಪಿ, ಚಾಕೋಶ್ ಅಂದರೆ ಮೊನೆಯುಳ್ಳದ್ದು. ಜನರ ನಾಲಿಗೆಯ ಮೇಲೆ ಸವೆಯುತ್ತ ಸವೆಯುತ್ತ ಉದುರಿಹೋದದ್ದು ಯಾವುದು ಗೊತ್ತೇ? ‘ಟೋಪಿ’ ಎಂಬ ಮಾತೇ! ಮೊನೆಯೊಂದೇ ಉಳಿದು ‘ಚಾಕೋ’ ಆಯಿತು. ಇನ್ನೂ ಕೆದಕಿದರೆ ಮತ್ತೊಂದು ಬೆರಗು: ಆ ಮೊನೆಯ ಬೇರನ್ನು ನಿಘಂಟುಗಳು ಜರ್ಮನ್ನಿನ ‘ತ್ಸಾಕೆನ್’ನಲ್ಲಿ, ಅಂದರೆ ಚೂಪು ತುದಿಯಲ್ಲಿ, ತೋರಿಸುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನ್ ಪೊಲೀಸರು ಇದೇ ಟೋಪಿ ತೊಟ್ಟು, ಹಂಗೆರಿಯವರಿಂದ ಪಡೆದ ‘ಚಾಕೊ’ ಎಂಬ ಹೆಸರಲ್ಲೇ ಕರೆದರು. ಹೊರಟ ಮಾತು ಊರಿಗೆ ಮರಳಿತ್ತು, ಗುರುತು ಸಿಗದಷ್ಟು ಬದಲಾಗಿ!

1806ರ ಫೆಬ್ರುವರಿಯಲ್ಲಿ ನೆಪೋಲಿಯನ್ ತನ್ನ ಪದಾತಿದಳಕ್ಕೆ ಶಾಕೊ ತೊಡಿಸಿದ. ಉಣ್ಣೆಯ ಫೆಲ್ಟು, ಮೇಲೆ ಕೆಳಗೆ ತೊಗಲು. ಕುಚ್ಚಿನ ಬಣ್ಣವೇ ಸಿಪಾಯಿಯ ವಿಳಾಸ: ಕೆಂಪಾದರೆ ಗ್ರೆನೆಡಿಯರ್, ಹಸಿರು, ತಿಳಿನೀಲಿ, ಕಿತ್ತಳೆ, ನೇರಳೆ ಅನುಕ್ರಮವಾಗಿ ಒಂದರಿಂದ ನಾಲ್ಕನೆಯ ಫ್ಯೂಸಿಲಿಯರ್ ಕಂಪನಿ. ಹೊಗೆ ಕವಿದ ರಣರಂಗದಲ್ಲಿ ಅಷ್ಟು ಸಾಕಿತ್ತು.

ಅದೇ ವರ್ಷ, ಅದೇ 1806ರಲ್ಲಿ, ನಮ್ಮ ಕಡೆ ಏನಾಗಿತ್ತು ನೆನಪಿದೆಯೇ? ಮದರಾಸು ಸೇನೆಯ ಸಿಪಾಯಿಗಳ ಮೇಲೆ ಬ್ರಿಟಿಷರು ಯುರೋಪಿನ ಟೋಪಿಯನ್ನು ಹೋಲುವ, ತೊಗಲಿನ ಬಿಲ್ಲೆಯುಳ್ಳ ಹೊಸ ಪೇಟ ಹೇರಿದ್ದರು. ಹಣೆಯ ನಾಮ, ವಿಭೂತಿಗೂ ಸಮವಸ್ತ್ರದಲ್ಲಿ ನಿಷೇಧ. ಜುಲೈ 10ರಂದು ವೆಲ್ಲೂರು ಕೋಟೆ ಸಿಡಿಯಿತು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಆ ಕೋಟೆಯ ಮೇಲೆ ಮೈಸೂರಿನ ಬಾವುಟ ಏರಿತು! ಅದು ಶಾಕೊ ಅಲ್ಲ, ನಿಜ. ಆದರೆ ಸಿಪಾಯಿಯ ತಲೆಯ ಮೇಲೆ ಏನಿರಬೇಕೆಂಬುದು ದರ್ಜಿಯ ಲೆಕ್ಕವೆಂದು ಯಾರಾದರೂ ಅಂದರೆ ನಾನು ವೆಲ್ಲೂರನ್ನೇ ತೋರಿಸುತ್ತೇನೆ.

ಶಾಕೊವಿನ ಭಾರ ಆಫ್ರಿಕದ ಬಿಸಿಲಿಗೆ ಆಗಲಿಲ್ಲ. 1830ರ ನಂತರ ಅಲ್ಜೀರಿಯದಲ್ಲಿ ಫ್ರೆಂಚರು ಅದನ್ನು ಹಗುರ ಬಟ್ಟೆಗೆ ಇಳಿಸಿದರು. ಆ ಹಾದಿಯಲ್ಲೇ ಹುಟ್ಟಿದ್ದು ‘ಕೆಪಿ’. ಆ ಹೆಸರೂ ಫ್ರೆಂಚರ ಸ್ವಂತದ್ದಲ್ಲ; ಸ್ವಿಸ್ ಜರ್ಮನ್ನರ ‘ಕ್ಯಾಪಿ’, ಪುಟ್ಟ ಟೋಪಿ!

ಶಾಕೊ ಸತ್ತಿತೇ? ಎಲ್ಲಿಯ ಮಾತು! ಫ್ರಾನ್ಸಿನ ಸೇಂಟ್ ಸಿರ್ ಸೈನಿಕ ಶಾಲೆಯ ಕೆಡೆಟ್ಟುಗಳು ಕೆಂಪು ಬಿಳಿ ಗರಿ ಸಿಕ್ಕಿಸಿ ಇಂದಿಗೂ ತೊಡುತ್ತಾರೆ. ಅಮೆರಿಕದ ವೆಸ್ಟ್ ಪಾಯಿಂಟಿನವರು ಅದನ್ನು ‘ಟಾರ್ ಬಕೆಟ್’, ಡಾಂಬರು ಬಕೆಟ್, ಎಂದು ಪ್ರೀತಿಯಿಂದ ಕರೆದು ಪೆರೇಡಿಗೆ ಇಳಿಯುತ್ತಾರೆ. ಹಂಗೆರಿಯ ಮಕ್ಕಳಂತೂ ಹಳೇ ಪೇಪರು ಮಡಿಸಿ ತಲೆಗಿಟ್ಟುಕೊಂಡು ‘ಪಪೀರ್‌ಚಾಕೋ’ ಎನ್ನುತ್ತಾರೆ!